ಟೊಮೇಟೊ, ಉಪ್ಪು, ನನ್ನ ಕೈ

ಬೆಳಗ್ಗೆ ಏಳರಿಂದ ಎಂಟರವರೆಗೆ ಶಾಲೆಯ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿರುತ್ತಿತ್ತು. ಹೆಡ್‌ಮೇಷ್ಟ್ರು ಬಂದು ತಟ್ಟಿದರೂ ಅಷ್ಟೆ, ಗ್ಯಾಸಿನವನು ಬಂದು ಕೂಗಿದರೂ ಅಷ್ಟೆ, ಒಳಗಿನಿಂದ ಬರುತ್ತಿದ್ದುದು ಒಂದೇ ಉತ್ತರ: "ಎಂಟಕ್ಕೆ ಬನ್ನಿ." ಹನ್ನೊಂದು ವರ್ಷದಿಂದ ಇದು ಹೀಗೇ ನಡೆದಿತ್ತು. ಅಡುಗೆಯಾಕೆಗೆ ಬೆಳಗಿನ ಹೊತ್ತು ಯಾರೂ ಕಣ್ಣೆದುರು ಸುಳಿಯಬಾರದು, ಅದೊಂದು ಹುಚ್ಚು ಎಂದು ಎಲ್ಲರೂ ಸುಮ್ಮನಾಗಿದ್ದರು. ಕೈರುಚಿ ಇರುವವರಿಗೆ ಇಂಥದ್ದೊಂದು ಹುಚ್ಚು ಇದ್ದೇ ಇರುತ್ತದೆ, ಇರಲಿ ಬಿಡಿ ಎಂದು ಹೆಡ್‌ಮೇಷ್ಟ್ರೇ ಹೇಳಿದ ಮೇಲೆ ಕೇಳುವವರು ಯಾರು?

ಒಳಗೆ ನಡೆಯುತ್ತಿದ್ದುದು ಹುಚ್ಚಲ್ಲ, ಶುದ್ಧ ಕಳ್ಳಾಟ. ಗೋಣಿಚೀಲ ಹೊದಿಸಿಟ್ಟ ಬುಟ್ಟಿಯಿಂದ ಕುಂಬಳಕಾಯಿ, ಬೀಟ್‌ರೂಟು, ಕ್ಯಾರೆಟ್ಟು, ಎರಡು ದಪ್ಪ ಕಟ್ಟು ಸೊಪ್ಪು ಹೊರಗೆ ಬರುತ್ತಿದ್ದವು. ಜೊತೆಗೆ ಒಂದು ಬೋಗುಣಿ ಬೇಳೆ. ಎಲ್ಲವನ್ನೂ ಮೆತ್ತಗೆ ಬೇಯಿಸಿ, ಯಂತ್ರಕ್ಕೆ ಹಾಕಿ, ನಾರು ಹೆಸರಿಗೂ ಉಳಿಯದಂತೆ ಅರೆದು, ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಇಳಿಸಬೇಕು. ಸೊಪ್ಪು ಹೆಚ್ಚಾಯಿತೋ, ಬಣ್ಣ ಕೆಸರಿಗೆ ತಿರುಗುತ್ತದೆ; ಆಗ ಬೀಟ್‌ರೂಟು ಒಂದು ಹಿಡಿ ಜಾಸ್ತಿ. ಬೀಟ್‌ರೂಟು ಹೆಚ್ಚಾಯಿತೋ, ಸಿಹಿ ಬಾಯಿಗೆ ಹೊಡೆಯುತ್ತದೆ; ಆಗ ಎರಡು ನಿಂಬೆಹಣ್ಣು. ಇದಿಷ್ಟನ್ನೂ ಕುದಿಯುವ ಟೊಮೇಟೊ ರಸಕ್ಕೆ ಸುರಿದು ಕಾಲು ಗಂಟೆ ಕೈಬಿಡದೆ ತಿರುವಿದರೆ, ಅದು ನೋಡಲೂ ಟೊಮೇಟೊ, ಮೂಸಲೂ ಟೊಮೇಟೊ. ಅಷ್ಟು ಹೊತ್ತಿಗೆ ಪಾತ್ರೆ ತೊಳೆಯುವ ಹೆಂಗಸು ಸಿಪ್ಪೆಯನ್ನೆಲ್ಲ ಕಪ್ಪು ಚೀಲಕ್ಕೆ ತುಂಬಿ ಹಿಂದಿನ ಗೇಟಿನಿಂದ ಸಾಗಿಸಿರುತ್ತಿದ್ದಳು. ಅಡುಗೆಯಾಕೆ ಬೆರಳಿನ ಕೆಂಪು ಹೋಗುವಂತೆ ನಿಂಬೆ ಸಿಪ್ಪೆಯಿಂದ ಉಜ್ಜಿ ಉಜ್ಜಿ ಕೈ ತೊಳೆದು ಚಿಲಕ ತೆಗೆಯುತ್ತಿದ್ದಳು.

ಈ ಉಸಾಬರಿಯೆಲ್ಲ ಯಾಕೆ ಬೇಕಿತ್ತು ಎಂದರೆ, ಆ ಶಾಲೆಯ ಇನ್ನೂರು ಚಿಲ್ಲರೆ ಮಕ್ಕಳು ತರಕಾರಿ ಎಂದರೆ ಮೂಗು ಮುರಿಯುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರಂತೆ ತರಕಾರಿ ಹೆಚ್ಚಿ ಹೋಳುಹೋಳಾಗಿಯೇ ಸೂಪಿಗೆ ಹಾಕುತ್ತಿದ್ದಳು. ಮಧ್ಯಾಹ್ನ ಎಂಜಲಿನ ಬಕೆಟ್ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಹೋಳುಗಳೆಲ್ಲ ಅಲ್ಲಿ, ಮಕ್ಕಳೆಲ್ಲ ಬರೀ ಬ್ರೆಡ್ಡು ತಿಂದು ಮೈದಾನದಲ್ಲಿ. ಗದರಿದಳು, ಪುಸಲಾಯಿಸಿದಳು, ಜಪ್ಪಯ್ಯ ಅಂದರೂ ಒಂದು ಹೋಳು ಒಳಗೆ ಹೋಗಲಿಲ್ಲ. ಕೊನೆಗೊಂದು ದಿನ ಆ ಬಕೆಟ್ಟಿನ ಮುಂದೆಯೇ ಕುಕ್ಕರಿಸಿ ಕೂತಿದ್ದಾಗ, ತಂಗಿಯ ಮಗಳಿಗೆ ಚಿಕ್ಕಂದಿನಲ್ಲಿ ಉಣ್ಣಿಸುತ್ತಿದ್ದ ಉಪಾಯ ನೆನಪಾಯಿತು. ಅಂದಿನಿಂದ ಬಕೆಟ್ಟಿಗೆ ಕೆಲಸವಿಲ್ಲದಂತಾಯಿತು. ಕೆಂಪು ಸೂಪಿನ ಪಾತ್ರೆಯನ್ನು ಮಕ್ಕಳು ಕೆರೆದು ಕೆರೆದು ಖಾಲಿ ಮಾಡುತ್ತಿದ್ದರು, ಸೌಟು ಹಿಡಿದು ಬಡಿಸುವ ಅಡುಗೆಯಾಕೆಗೆ "ಸೌಟಜ್ಜಿ" ಎಂಬ ಹೆಸರನ್ನೂ ಕೊಟ್ಟರು. "ನನಗಿನ್ನೂ ಐವತ್ತಮೂರು, ಯಾರೋ ಅಜ್ಜಿ ನಿನಗೆ?" ಎಂದು ಅವಳು ಸೌಟು ಎತ್ತುವಳು, ಅವರು ನಗುತ್ತ ಓಡುವರು. ಹೆಸರು ಮಾತ್ರ ಅಂಟಿಕೊಂಡುಬಿಟ್ಟಿತು.

ಈ ಮಕ್ಕಳಲ್ಲಿ ಒಬ್ಬಳಿದ್ದಳು, ಎರಡನೇ ತರಗತಿಯವಳು. ಏನು ಕೊಟ್ಟರೂ ಮೊದಲು ಮೂಗಿನ ಹತ್ತಿರ ಹಿಡಿದು, ಮೂಸಿ, ಆಮೇಲೆ ನಾಲಿಗೆಯ ತುದಿಗೆ ತಾಗಿಸುವಳು. ಸೌಟಜ್ಜಿ ಅವಳಿಗೆ "ಮೂಸುಬೆಕ್ಕು" ಎಂದು ಹೆಸರಿಟ್ಟಿದ್ದಳು. ಶಾಲೆಗೆ ಸೇರಿದಾಗ ಕಡ್ಡಿಯಂತಿದ್ದ ಮಗು. ಮನೆಯಲ್ಲಿ ಬ್ರೆಡ್ಡು, ಸಕ್ಕರೆ, ಹಾಲು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲವಂತೆ. ತಾಯಿ ಬಂದು, "ಏನಾದ್ರೂ ಮಾಡಿ ತಿನ್ನಿಸಿ ಅಮ್ಮ, ನನ್ನ ಕೈಲಿ ಆಗ್ತಿಲ್ಲ" ಎಂದು ಕಣ್ಣೀರು ಹಾಕಿ ಹೋಗಿದ್ದಳು. ಈ ಮೂಸುಬೆಕ್ಕು ಪ್ರತಿದಿನ ಬಡಿಸುವ ಕಿಂಡಿಯ ಮುಂದೆ ನಿಂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಇದ್ರಲ್ಲಿ ಏನೇನಿದೆ?"

"ಟೊಮೇಟೊ, ಉಪ್ಪು, ನನ್ನ ಕೈ."

"ಬೇರೆ ಏನೂ ಇಲ್ವಾ?"

"ಬೇರೆ ಏನೂ ಇಲ್ಲ. ನಿನ್ನಾಣೆ."

ಅಷ್ಟು ಹೇಳಿದ ಮೇಲೇ ಮಗು ಮೂಸುತ್ತಿದ್ದುದು, ಮೂಸಿದ ಮೇಲೇ ತಿನ್ನುತ್ತಿದ್ದುದು. ತಿಂದು ಮುಗಿಸಿ ಖಾಲಿ ಬಟ್ಟಲನ್ನು ಕಿಂಡಿಯಲ್ಲಿ ಬೋರಲು ಹಿಡಿದು ತೋರಿಸುವಳು, ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಸೌಟಜ್ಜಿಗೆ ಆ ಒಂದು ಬೋರಲು ಬಟ್ಟಲಿಗೋಸ್ಕರವೇ ಬೆಳಗ್ಗೆ ಐದಕ್ಕೆ ಏಳಬಹುದು ಅನ್ನಿಸುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ. ಮಗುವಿನ ಹೊಟ್ಟೆ ತುಂಬುವ ಮಾತು ಸುಳ್ಳು ಹೇಗಾದೀತು ಎನ್ನುವುದು ಅವಳ ಲೆಕ್ಕಾಚಾರ.

ಆ ವರ್ಷ ಶಾಲೆಯಲ್ಲಿ ಹೊಸದಾಗಿ ಆಹಾರದ ಪಾಠ ಎಂಬುದು ಶುರುವಾಯಿತು. ವಾರಕ್ಕೆರಡು ಪೀರಿಯಡ್ಡು, ಯಾವ ತರಕಾರಿಯಲ್ಲಿ ಏನಿದೆ, ಯಾವುದು ಮೂಳೆಗೆ, ಯಾವುದು ರಕ್ತಕ್ಕೆ, ಬೆಳಗ್ಗೆ ಏನು ತಿನ್ನಬೇಕು, ಇಂಥವೆಲ್ಲ. ಅದನ್ನು ಕಲಿಸಲು ಬಂದ ಟೀಚರು ಬೇರೆ ಯಾರೂ ಅಲ್ಲ, ಸೌಟಜ್ಜಿಯ ತಂಗಿಯ ಮಗಳೇ. ತಂಗಿ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಹಾಗಾಗಿ ಐದನೇ ವಯಸ್ಸಿನಿಂದ ಹನ್ನೆರಡರವರೆಗೆ ಈ ಹುಡುಗಿ ಬೆಳೆದದ್ದೆಲ್ಲ ದೊಡ್ಡಮ್ಮನ ಮಡಿಲಲ್ಲಿ. ಈಗ ಕನ್ನಡಕ ಏರಿಸಿಕೊಂಡು, ಚಾರ್ಟುಗಳ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು, ಅದೇ ಶಾಲೆಯ ಅಂಗಳದಲ್ಲಿ "ಟೀಚರ್ ಟೀಚರ್" ಎಂದು ಮಕ್ಕಳಿಂದ ಕರೆಸಿಕೊಳ್ಳುವುದನ್ನು ನೋಡಿ ದೊಡ್ಡಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಪಾತ್ರೆ ತೊಳೆಯುವ ಹೆಂಗಸಿನ ತಲೆ ತಿಂದುಹಾಕಿದಳು. "ನಾನೇ ಸಾಕಿದ್ದು" ಎಂಬ ಮಾತನ್ನು ಅವಳು ದಿನಕ್ಕೆ ಹತ್ತು ಸಲವಾದರೂ ಕೇಳಬೇಕಾಗಿತ್ತು.

"ಗೊತ್ತಾಯ್ತು ಬಿಡ್ರಿ, ಊಟನೂ ನೀವೇ ಹಾಕಿದ್ದು, ಜಡೆನೂ ನೀವೇ ಹಾಕಿದ್ದು" ಎಂದು ಆಕೆ ಬೂದಿ ಬಳಿದ ಪಾತ್ರೆಯನ್ನು ಜೋರಾಗಿ ಉಜ್ಜುವಳು.

ಟೀಚರು ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ ಬರೆದಿಡುವಳು. ಹಿಂದಿನ ವರ್ಷದ ತೂಕದ ಪಟ್ಟಿಯನ್ನೂ ಹುಡುಕಿ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಮೂಸುಬೆಕ್ಕಿನ ಹೆಸರಿನ ಮುಂದೆ ಅವಳ ಬೆರಳು ನಿಂತಿತು. ಬ್ರೆಡ್ಡು ಸಕ್ಕರೆ ತಿನ್ನುವ ಮಗು ಒಂದು ವರ್ಷದಲ್ಲಿ ನಾಲ್ಕು ಕಿಲೋ ಏರಿದ್ದು ಹೇಗೆ? ಕೆನ್ನೆಗೆ ಬಣ್ಣ ಬಂದದ್ದು ಹೇಗೆ? ಒಂದು ಮಧ್ಯಾಹ್ನ, ಮಕ್ಕಳೆಲ್ಲ ಉಂಡು ಹೋದ ಮೇಲೆ, ಅಡುಗೆಮನೆಯ ಮೆಟ್ಟಿಲ ಮೇಲೆ ದೊಡ್ಡಮ್ಮನ ಪಕ್ಕ ಬಂದು ಕೂತಳು.

"ದೊಡ್ಡಮ್ಮ, ನಿಜ ಹೇಳು. ಆ ಮಗುಗೆ ಏನು ಕೊಡ್ತಿದ್ದೀಯ?"

ಸೌಟಜ್ಜಿ ಆಚೆ ಈಚೆ ನೋಡಿದಳು. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು. ಆದರೆ ಮೆಚ್ಚುಗೆ ಎಂಬುದು ಯಾರಿಗೆ ಬೇಡ? ಅದೂ ತಾನು ಸಾಕಿದ ಹುಡುಗಿ, ಓದಿದವಳು, ಊಟದ ವಿಷಯವನ್ನೇ ಓದಿ ಬಂದವಳು. ಇವಳಲ್ಲದೆ ಇನ್ನಾರು ಶಹಬಾಸ್ ಅನ್ನಬೇಕು? ಬಾಯಿ ಬಿಟ್ಟೇಬಿಟ್ಟಳು. ಕುಂಬಳಕಾಯಿ ಇಷ್ಟು, ಸೊಪ್ಪು ಇಷ್ಟು, ಬಣ್ಣ ಕೆಟ್ಟರೆ ಹೀಗೆ, ವಾಸನೆ ಎದ್ದರೆ ಹಾಗೆ ಎಂದು ಎಲ್ಲವನ್ನೂ ಕೈ ಆಡಿಸಿ ಆಡಿಸಿ ವಿವರಿಸಿದಳು. ಟೀಚರು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

"ಇನ್ನೊಂದು ಹೇಳ್ತೀನಿ ಕೇಳು" ಎಂದಳು ಸೌಟಜ್ಜಿ, ನಗು ತಡೆಯಲಾರದೆ. "ಇದನ್ನ ಮೊದಲು ಯಾರ ಮೇಲೆ ಪ್ರಯೋಗ ಮಾಡಿದ್ದು ಗೊತ್ತಾ? ನಿನ್ನ ಮೇಲೆ. ಸೊಪ್ಪು ಕಂಡ್ರೆ ಮೇಜಿನ ಕೆಳಗೆ ಹೋಗಿ ಕೂತ್ಕೋತಿದ್ದೆ ನೀನು. ಏಳು ವರ್ಷ ತಿಂದಿದ್ದೀಯ ಮಗಳೇ, ಕುಂಬಳಕಾಯಿ, ಸೊಪ್ಪು, ಬೇಳೆ, ಎಲ್ಲಾ."

ಟೀಚರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ನಕ್ಕಳು. ದೊಡ್ಡಮ್ಮ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದುದರಿಂದ, ಈ ನಗು ಸ್ವಲ್ಪ ತಡವಾಗಿ ಬಂತು ಎಂಬುದು ಅವಳ ಗಮನಕ್ಕೆ ಬರಲಿಲ್ಲ.

"ಯಾರಿಗೂ ಹೇಳ್ಬೇಡ ಕಣೆ" ಎಂದಳು ಸೌಟಜ್ಜಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಮಕ್ಕಳಿಗೆ ಗೊತ್ತಾದ್ರೆ ಮುಗೀತು ಕತೆ."

"ನಾನ್ಯಾಕೆ ಹೇಳ್ಲಿ ದೊಡ್ಡಮ್ಮ" ಎಂದಳು ಟೀಚರು, ಅವಳ ಕೈ ಹಿಡಿದುಕೊಂಡು.

ಅದಾಗಿ ಮೂರು ವಾರಕ್ಕೆ ತಪಾಸಣೆಯವರು ಬರುತ್ತಾರೆ ಎಂಬ ಸುದ್ದಿ ಬಂತು. ಆಹಾರದ ಪಾಠ ಹೇಗೆ ನಡೆದಿದೆ ನೋಡುತ್ತಾರೆ, ಚೆನ್ನಾಗಿದ್ದರೆ ಟೀಚರ ಕೆಲಸ ಕಾಯಂ ಆಗುತ್ತದೆ. ಹೆಡ್‌ಮೇಷ್ಟ್ರು ಗೋಡೆಗೆ ಸುಣ್ಣ ಬಳಿಸಿದರು. ಹಿಂದಿನ ದಿನ ಸಂಜೆ ಟೀಚರು ಅಡುಗೆಮನೆಗೆ ಬಂದು, "ದೊಡ್ಡಮ್ಮ, ನಾಳೆ ಬೆಳಗ್ಗೆ ಹನ್ನೊಂದಕ್ಕೆ ನೀನೂ ಕ್ಲಾಸಿಗೆ ಬರ್ಬೇಕು, ಸೂಪಿನ ಪಾತ್ರೆ ತಗೊಂಡು" ಎಂದಳು.

"ನಾನಾ? ಕ್ಲಾಸಿಗಾ? ನಾನು ಓದಿದ್ದು ನಾಲ್ಕನೇ ಕ್ಲಾಸು ಕಣೆ."

"ನೀನು ಓದ್ಬೇಕಾಗಿಲ್ಲ. ನಿಂತ್ರೆ ಸಾಕು. ನೀನಿಲ್ದೆ ನನ್ನ ಪಾಠ ಇಲ್ಲ."

ನೀನಿಲ್ಲದೆ ನನ್ನ ಪಾಠ ಇಲ್ಲ. ಆ ಮಾತನ್ನು ಸೌಟಜ್ಜಿ ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡು ನಡೆದಳು. ಹೊಸ ಏಪ್ರನ್ನು ತೆಗೆದು ಇಸ್ತ್ರಿ ಮಾಡಿದಳು. ಬೆಳಗ್ಗೆ ತಲೆ ಬಾಚಿದ ರೀತಿ ನೋಡಿ ಪಾತ್ರೆ ತೊಳೆಯುವ ಹೆಂಗಸು, "ಏನ್ರಿ, ಫೋಟೋ ತೆಗೆಸ್ಕೋತೀರಾ?" ಎಂದು ಕಿಚಾಯಿಸಿದಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಸೌಟಜ್ಜಿ ಪಾತ್ರೆ ಹಿಡಿದು ಎರಡನೇ ತರಗತಿಯ ಬಾಗಿಲಲ್ಲಿ ನಿಂತಿದ್ದಳು.

ತಪಾಸಣೆಯವರು ಮೂವರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೆಡ್‌ಮೇಷ್ಟ್ರು ಕಿಟಕಿಯ ಬಳಿ. ಮಕ್ಕಳು "ಸೌಟಜ್ಜಿ" ಎಂದು ಪಿಸುಗುಟ್ಟಿ ಕೈ ಬೀಸಿದರು. ಮೂಸುಬೆಕ್ಕು ಮೊದಲ ಸಾಲಿನಲ್ಲೇ ಇದ್ದಳು, ಹಲ್ಲು ಬಿದ್ದ ಬಾಯಲ್ಲಿ ಅಗಲವಾಗಿ ನಕ್ಕಳು. ಟೀಚರು ದೊಡ್ಡಮ್ಮನನ್ನು ಕರಿಹಲಗೆಯ ಪಕ್ಕ ನಿಲ್ಲಿಸಿದಳು. ಮೇಜಿನ ಮೇಲೆ ಒಂದು ದೊಡ್ಡ ತಟ್ಟೆ, ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಒಳಗೇನಿದೆಯೋ ಸೌಟಜ್ಜಿಗೆ ತಿಳಿಯದು. ಹಣ್ಣು ಇರಬೇಕು ಎಂದುಕೊಂಡಳು.

"ಕುಂಬಳಕಾಯಿ ಯಾರಿಗೆ ಇಷ್ಟ ಇಲ್ಲ? ಕೈ ಎತ್ತಿ" ಎಂದಳು ಟೀಚರು.

ಎಲ್ಲ ಕೈಗಳೂ ಮೇಲೆ ಹೋದವು. ಸೊಪ್ಪು? ಮತ್ತೆ ಎಲ್ಲ ಕೈ. ಬೀಟ್‌ರೂಟು? ಮೂಸುಬೆಕ್ಕು ಎರಡೂ ಕೈ ಎತ್ತಿದಳು, ತಪಾಸಣೆಯವರು ನಕ್ಕರು.

"ಸೌಟಜ್ಜಿಯ ಕೆಂಪು ಸೂಪು ಯಾರಿಗೆ ಇಷ್ಟ?"

ಮಕ್ಕಳು ಬೆಂಚಿನಿಂದ ಎದ್ದು ನಿಂತು ಕೈ ಎತ್ತಿದರು. ಸೌಟಜ್ಜಿ ಹೆಮ್ಮೆಯಿಂದ ಪಾತ್ರೆಯ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅದೇ ಹೊತ್ತಿಗೆ ಟೀಚರು ತಟ್ಟೆಯ ಮೇಲಿನ ಬಟ್ಟೆ ಎಳೆದಳು. ಕುಂಬಳಕಾಯಿಯ ದೊಡ್ಡ ಹೋಳು, ಮಣ್ಣು ತೊಳೆದ ಬೀಟ್‌ರೂಟು, ಕ್ಯಾರೆಟ್ಟು, ಒಂದು ಬಟ್ಟಲು ಬೇಳೆ, ದಪ್ಪನೆಯ ಕಟ್ಟು ಸೊಪ್ಪು. ಎಲ್ಲ ತನ್ನ ಬುಟ್ಟಿಯವೇ, ತಾನು ಗೋಣಿಚೀಲ ಹೊದಿಸಿಟ್ಟಿದ್ದವೇ. ಸೌಟಜ್ಜಿ ಗುರುತು ಹಿಡಿದಳು.

"ಇದೆಲ್ಲಾ ಎಲ್ಲಿದೆ ಗೊತ್ತಾ ಮಕ್ಕಳೇ?" ಟೀಚರ ದನಿಯಲ್ಲಿ ಸಂಭ್ರಮವಿತ್ತು. "ಆ ಸೂಪಿನಲ್ಲೇ ಇದೆ. ಇಷ್ಟ ಇಲ್ಲ ಅಂದ್ರಲ್ಲ, ಇದನ್ನೆಲ್ಲಾ ನೀವು ದಿನಾ ತಿಂತಿದ್ದೀರಿ. ಇಷ್ಟಪಟ್ಟೇ ತಿಂತಿದ್ದೀರಿ. ಸೌಟಜ್ಜಿ ಅರೆದು ಹಾಕ್ತಾರೆ, ಅಲ್ವಾ ಸೌಟಜ್ಜಿ?"

ಹಿಂದಿನ ಬೆಂಚಿನಿಂದ ಚಪ್ಪಾಳೆ ಬಂತು. ಎಂಥ ಜಾಣ ಪಾಠ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದೂ ಕೇಳಿಸಿತು. ಮಕ್ಕಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ತಟ್ಟೆಯನ್ನು ನೋಡಲಿಲ್ಲ, ಟೀಚರನ್ನೂ ನೋಡಲಿಲ್ಲ. ಮೂವತ್ತು ಜೊತೆ ಕಣ್ಣು ಸೌಟಜ್ಜಿಯನ್ನು ನೋಡಿದವು. ಮೂಸುಬೆಕ್ಕಿನ ಎತ್ತಿದ ಕೈ ಇನ್ನೂ ಮೇಲೇ ಇತ್ತು. ಅವಳು ಅದನ್ನು ನಿಧಾನವಾಗಿ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡಳು.

"ಅಲ್ವಾ ಸೌಟಜ್ಜಿ?" ಎಂದು ಟೀಚರು ಮತ್ತೆ ಕೇಳಿದಳು.

ಸೌಟಜ್ಜಿ ಏನು ಹೇಳಬೇಕು? ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. "ಹೂಂ" ಎಂದಳು. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಇಸ್ತ್ರಿ ಮಾಡಿದ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ತನ್ನನ್ನು ಕರೆದದ್ದು ಗೌರವಕ್ಕಲ್ಲ, ಕಳ್ಳಿಯನ್ನು ಮಾಲಿನ ಸಮೇತ ತೋರಿಸುವುದಕ್ಕೆ ಎಂಬುದು ಕಾರಿಡಾರಿನ ಕೊನೆ ಮುಟ್ಟುವ ಹೊತ್ತಿಗೆ ಅವಳಿಗೆ ಪೂರ್ತಿ ಅರ್ಥವಾಗಿತ್ತು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ ಅಲ್ಲವೇ? ಅದೂ ಯಾರು, ಬೇರೆಯವರಾದರೆ ಎರಡು ಬೈದು ಮರೆಯಬಹುದಿತ್ತು.

ಅಂದು ಮಧ್ಯಾಹ್ನ ಎರಡನೇ ತರಗತಿಯವರು ಮೊದಲು ಬಂದರು, ಸುದ್ದಿ ಅವರಿಗಿಂತ ಮೊದಲೇ ಎಲ್ಲ ತರಗತಿಗೂ ಮುಟ್ಟಿತ್ತು. ದೊಡ್ಡ ಹುಡುಗರು ಸೂಪಿನಲ್ಲಿ ಚಮಚ ಆಡಿಸಿ ಆಡಿಸಿ ಹುಡುಕಿದರು, ಯಾರೋ "ಥೂ" ಎಂದ, ಇನ್ಯಾರೋ ವಾಂತಿ ಬಂದಂತೆ ನಟಿಸಿದ, ಅವನನ್ನು ನೋಡಿ ಒಂದು ಪುಟ್ಟ ಮಗು ನಿಜವಾಗಿಯೂ ವಾಂತಿ ಮಾಡಿಕೊಂಡಿತು. ನಿನ್ನೆಯವರೆಗೆ ಕೆರೆದು ತಿಂದದ್ದು ಇಂದು ಗಂಟಲಿಗೆ ಇಳಿಯಲಿಲ್ಲ. ಮೂಸುಬೆಕ್ಕು ಕಿಂಡಿಯ ಮುಂದೆ ಬಂದು ನಿಂತಳು, ಆದರೆ ಪ್ರಶ್ನೆ ಕೇಳಲಿಲ್ಲ. ಬ್ರೆಡ್ಡು ತೆಗೆದುಕೊಂಡು ಹೋದಳು. ಎಂಜಲಿನ ಬಕೆಟ್ಟು ತುಂಬಿ, ಇನ್ನೊಂದು ತಂದು, ಅದೂ ತುಂಬಿತು.

ಸಂಜೆ ಟೀಚರು ಅಡುಗೆಮನೆಗೆ ಬಂದಾಗ ಸೌಟಜ್ಜಿ ಜರಡಿಯನ್ನು ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

"ದೊಡ್ಡಮ್ಮ, ಅವರಿಗೆ ತುಂಬಾ ಇಷ್ಟ ಆಯ್ತು. ಬೇರೆ ಶಾಲೆಗಳಲ್ಲೂ ಹೀಗೇ ಮಾಡಿಸ್ತಾರಂತೆ. ನಿನ್ನ ಹೆಸರೂ ಬರ್ಕೊಂಡ್ರು."

"ಬಕೆಟ್ಟು ನೋಡಿದ್ಯಾ?"

"ಎರಡು ದಿನ ಹಾಗೆ ಮಾಡ್ತಾರೆ, ಆಮೇಲೆ ಸರಿಹೋಗುತ್ತೆ. ಅವರು ಏನು ತಿಂತಿದ್ದಾರೆ ಅಂತ ಅವರಿಗೆ ಗೊತ್ತಿರ್ಬೇಕಲ್ವಾ? ನಾನು ಕಲಿಸ್ತಿರೋದೇ ಅದು. ಗೊತ್ತಾದ್ರೆ ಖುಷಿ ಪಡ್ತಾರೆ ಅಂದ್ಕೊಂಡೆ."

"ಯಾರಿಗೂ ಹೇಳಲ್ಲ ಅಂದೆ ನೀನು. ನನ್ನ ಕೈ ಹಿಡ್ಕೊಂಡು ಹೇಳ್ದೆ. ಹೇಳೋದಾದ್ರೆ ನನಗೊಂದು ಮಾತು ಕೇಳ್ಬಹುದಿತ್ತು. ಸಿಂಗಾರ ಮಾಡಿಸಿ ಕರ್ಕೊಂಡು ಹೋಗಿ ಅಷ್ಟು ಜನರ ಮುಂದೆ ನಿಲ್ಲಿಸಿದ್ಯಲ್ಲೇ. ನಾನೇನು ಮಾಡಿದ್ದೆ ನಿನಗೆ?"

ಟೀಚರು ಮೇಜಿನ ಮೇಲಿದ್ದ ನಿಂಬೆ ಸಿಪ್ಪೆಯೊಂದನ್ನು ಕೈಗೆತ್ತಿಕೊಂಡು ನೋಡುತ್ತ ನಿಂತಳು. ಸೌಟಜ್ಜಿ ಜರಡಿ ಕೆಳಗಿಟ್ಟಳು. ಅವಳಿಗೆ ಏನೋ ಹೊಳೆದಿತ್ತು.

"ಖುಷಿ ಪಡ್ತಾರೆ ಅಂದ್ಯಲ್ಲ. ನೀನು ಖುಷಿ ಪಟ್ಯಾ, ನಾನು ಹೇಳಿದ ದಿನ?"

"ಇಲ್ಲ" ಎಂದಳು ಟೀಚರು. ಆಮೇಲೆ ಮಾತು ಒಂದರ ಹಿಂದೆ ಒಂದು ಬಂತು. "ಇದ್ರಲ್ಲಿ ಏನೇನಿದೆ ಅಂತ ನಾನೂ ದಿನಾ ಕೇಳ್ತಿದ್ದೆ ದೊಡ್ಡಮ್ಮ. ನೆನಪಿದೆಯಾ? ಅಮ್ಮ ಮನೇಲಿರ್ತಿರ್ಲಿಲ್ಲ. ಯಾರು ಏನು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ, ನೀನು ಹೇಳಿದ್ದು ಮಾತ್ರ ನಂಬ್ತಿದ್ದೆ. ನಿನ್ನ ಬೆರಳು ಯಾಕೆ ಕೆಂಪಗಿದೆ ಅಂತ ಕೇಳಿದ್ರೆ ಟೊಮೇಟೊ ಅಂದೆ. ನಿನ್ನಾಣೆ ಅಂದೆ. ಏಳು ವರ್ಷ ಹೀಗೇ ಅಂದೆ. ಆವತ್ತು ಮೆಟ್ಟಿಲ ಮೇಲೆ ಕೂತ್ಕೊಂಡು ನೀನು ನಗ್ತಾ ಇದ್ದೆ. ನನಗೆ ಮನೆಗೆ ಹೋದ ಮೇಲೆ ಊಟ ಸೇರ್ಲಿಲ್ಲ."

"ನಿನ್ನ ಮೈಯಲ್ಲಿ ರಕ್ತ ಇರ್ಲಿಲ್ಲ ಕಣೆ ಆಗ. ಡಾಕ್ಟರು ಏನಂದಿದ್ರು ಗೊತ್ತಾ?"

"ಗೊತ್ತು. ನೀನು ಮಾಡಿದ್ದು ನನ್ನ ಒಳ್ಳೇದಕ್ಕೆ ಅಂತನೂ ಗೊತ್ತು. ಆದ್ರೂ."

"ಅದಕ್ಕೆ ಸೇಡು ತೀರಿಸ್ಕೊಂಡ್ಯಾ?"

"ಇಲ್ಲ ದೊಡ್ಡಮ್ಮ" ಎಂದಳು ಟೀಚರು. ಕೈಯಲ್ಲಿದ್ದ ಸಿಪ್ಪೆಯನ್ನು ತಿರುಗಿಸುತ್ತ, "ಗೊತ್ತಿಲ್ಲ" ಎಂದಳು.

ಸೌಟಜ್ಜಿಗೆ ಸಿಟ್ಟು ನೆತ್ತಿಗೇರಿತು. ಊಟ ಹಾಕಿದ್ದಕ್ಕೆ ಲೆಕ್ಕ ಕೇಳುತ್ತಿದ್ದಾಳೆ ಇವಳು. ತಂಗಿಯ ಪಾಳಿ ಮುಗಿಯುವ ತನಕ ಈ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು, ಒಂದು ಕೈಯಲ್ಲಿ ಸೌಟು ತಿರುವಿದ್ದು ಯಾವ ಲೆಕ್ಕಕ್ಕೆ? "ಹೋಗು" ಎಂದಳು. ಟೀಚರು ನಿಂಬೆ ಸಿಪ್ಪೆಯನ್ನು ಇದ್ದಲ್ಲೇ ಇಟ್ಟು ಹೋದಳು.

ಎರಡು ದಿನದಲ್ಲಿ ಸರಿಹೋಗಲಿಲ್ಲ. ಗುರುವಾರವೂ ಎರಡು ಬಕೆಟ್ಟು, ಶುಕ್ರವಾರವೂ ಎರಡು ಬಕೆಟ್ಟು. ಶುಕ್ರವಾರ ಮಧ್ಯಾಹ್ನ ಮೂಸುಬೆಕ್ಕಿನ ತಾಯಿ ಕಿಂಡಿಯ ಬಳಿ ಬಂದು, "ಮನೆಯಲ್ಲಿ ಈಗ ಬ್ರೆಡ್ಡನ್ನೂ ಬಿಡಿಸಿ ಬಿಡಿಸಿ ನೋಡ್ತಾಳೆ ಅಮ್ಮ, ಹಾಲಿಗೆ ಏನು ಹಾಕಿದ್ದೀಯ ಅಂತಾಳೆ. ನಿನ್ನೆ ಅದನ್ನೂ ಕುಡೀಲಿಲ್ಲ" ಎಂದಳು. ಬೈಯಲಿಲ್ಲ, ಪಾಪ. ಬೈದಿದ್ದರೆ ಸೌಟಜ್ಜಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಬೆಳಗ್ಗೆ ಪಾತ್ರೆ ತೊಳೆಯುವ ಹೆಂಗಸು ಬಂದಾಗ ಅಡುಗೆಮನೆಯ ಬಾಗಿಲು ಹಾರು ಹೊಡೆದಿತ್ತು.

"ಚಿಲಕ ಹಾಕ್ಲಿಲ್ವಾ?"

"ಯಾಕೆ ಹಾಕ್ಬೇಕು? ಬಚ್ಚಿಡೋಕೆ ಏನಿದೆ?"

ಬುಟ್ಟಿ ಮುಟ್ಟಿರಲಿಲ್ಲ. ಒಲೆಯ ಮೇಲೆ ಬರೀ ಟೊಮೇಟೊ ಕುದಿಯುತ್ತಿತ್ತು. ಹಾಳಾಗಿ ಹೋಗಲಿ ಕುಂಬಳಕಾಯಿ, ಹಾಳಾಗಿ ಹೋಗಲಿ ಸೊಪ್ಪು, ಬಿಸಿಯಾಗಿ ಏನಾದರೂ ಒಂದು ಆ ಮಗುವಿನ ಹೊಟ್ಟೆಗೆ ಬೀಳಲಿ ಎಂದು ಸೌಟಜ್ಜಿ ನಿರ್ಧಾರ ಮಾಡಿದ್ದಳು. ಒಮ್ಮೆ ತಿನ್ನಲು ಶುರು ಮಾಡಿದರೆ ಮುಂದಿನದು ಮುಂದೆ. ಅರೆಯಲಿಲ್ಲ, ಸೋಸಲಿಲ್ಲ, ಉಪ್ಪು ಹಾಕಿ ತಿರುವಿದಳು ಅಷ್ಟೆ. ಸೂಪು ನೀರುನೀರಾಗಿತ್ತು, ಬಣ್ಣವೂ ತೆಳು. ಬೇಕಾದವರು ಬಂದು ನೋಡಲಿ ಎಂದು ಬಾಗಿಲನ್ನು ಮಧ್ಯಾಹ್ನದ ತನಕ ತೆರೆದೇ ಇಟ್ಟಳು. ಮುಚ್ಚಿದ ಬಾಗಿಲಿಗೆ ಒಗ್ಗಿಹೋಗಿದ್ದ ಮಕ್ಕಳು ಯಾರೂ ಅತ್ತ ಸುಳಿಯಲಿಲ್ಲ.

ಊಟದ ಗಂಟೆ ಹೊಡೆಯಿತು. ಆ ದಿನ ಊಟದ ಸಾಲು ನೋಡಿಕೊಳ್ಳುವ ಪಾಳಿ ಟೀಚರದ್ದೇ. ಕಿಂಡಿಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಬುಧವಾರದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಮೂಸುಬೆಕ್ಕು ಸಾಲಿನಲ್ಲಿ ಮೊದಲನೆಯವಳು. ಬ್ರೆಡ್ಡಿಗೆ ಕೈ ಚಾಚುವ ಮೊದಲೇ ಸೌಟಜ್ಜಿ ಬಾಗಿ, ಕೇಳದ ಪ್ರಶ್ನೆಗೆ ಉತ್ತರ ಹೇಳಿದಳು.

"ಟೊಮೇಟೊ, ಉಪ್ಪು, ನನ್ನ ಕೈ."

ಮಗು ಕಣ್ಣೆತ್ತಿ ನೋಡಿತು. "ಕುಂಬಳಕಾಯಿ?"

"ಇಲ್ಲ."

"ಸೊಪ್ಪು?"

"ಇಲ್ಲ ಪುಟ್ಟ. ಇವತ್ತು ನಿಜವಾಗ್ಲೂ ಇಲ್ಲ. ನಿನ್ನಾಣೆ."

"ಆವತ್ತೂ ನನ್ನಾಣೆ ಅಂದಿದ್ರಿ" ಎಂದಳು ಮೂಸುಬೆಕ್ಕು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನೆನಪು ಮಾಡಿಕೊಡುವವಳಂತೆ ಹೇಳಿದಳು. ಮಗು ಬಟ್ಟಲನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿತು. "ಟೀಚರ್, ಇದ್ರಲ್ಲಿ ಇದೆಯಾ, ಇಲ್ವಾ?"

ಸೌಟಜ್ಜಿ ಟೀಚರ ಮುಖ ನೋಡಿದಳು. ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಕೇಳಿದಳು. ಇಲ್ಲ ಅನ್ನು. ಒಂದು ಮಾತು. ನಿನ್ನ ಮಾತನ್ನು ಇವಳು ನಂಬುತ್ತಾಳೆ. ನೀನು ಮಾಡಿದ್ದೆಲ್ಲ ಮರೆತುಬಿಡುತ್ತೇನೆ, ಇದೊಂದು ಮಾತು ಹೇಳಿಬಿಡು.

ಟೀಚರು ಗೋಡೆ ಬಿಟ್ಟು ಮುಂದೆ ಬಂದಳು. ದೊಡ್ಡಮ್ಮನ ಮುಖವನ್ನು ನೋಡಿದಳು, ಅವಳ ಬೆರಳುಗಳನ್ನು ನೋಡಿದಳು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಕಿಂಡಿಯೊಳಗೆ ಬಾಗಿ, ಪಾತ್ರೆಯ ಮೇಲೆ ಮುಖವಿಟ್ಟು, ಉಸಿರೆಳೆದು ಮೂಸಿದಳು.

"ಇಲ್ಲ ಅನ್ಸುತ್ತೆ" ಎಂದಳು.

ಕುಂಬಳಕಾಯಿ ಇಲ್ಲ, ಸೊಪ್ಪು ಇಲ್ಲ ಎಂದದ್ದು, ಹನ್ನೊಂದು ವರ್ಷದಲ್ಲಿ ಸೌಟಜ್ಜಿ ಆ ಕಿಂಡಿಯಲ್ಲಿ ನಿಂತು ಆಡಿದ ಮೊದಲ ನಿಜವಾಗಿತ್ತು. ಅವಳು ಎತ್ತಿ ಹಿಡಿದಿದ್ದ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದಳು. ಮೂಸುಬೆಕ್ಕು ಬಟ್ಟಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡು ತುಂಡು ಬ್ರೆಡ್ಡು ತೆಗೆದುಕೊಂಡು, ಅವುಗಳ ಹಿಂದುಮುಂದು ತಿರುಗಿಸಿ ನೋಡುತ್ತ ಹೋದಳು. ಅವಳ ಹಿಂದಿದ್ದ ಮಗು ಮುಂದೆ ಬಂದು ಬ್ರೆಡ್ಡಿಗೆ ಕೈ ಚಾಚಿತು.